ಗೆರೆ ಮತ್ತು ಕಾನು

ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ನೆಲದ ಮೇಲಿನ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಎರಡು ಸಂಗತಿಗಳನ್ನು ಜೋಡಿಸಿ ಇಡುತ್ತದೆ: ಅದು ಎಲ್ಲಿದೆ, ಅದು ಏನು. ಶಿಕಾರಿಪುರ ತಾಲ್ಲೂಕಿನ ಒಂದು ಕೆರೆಯನ್ನು ದಾಖಲಿಸುವಾಗ ಅದರ ದಂಡೆಯ ಆಕಾರ ಒಂದು ಕಡೆ ಕೂರುತ್ತದೆ. ಹೆಸರು, ಸರ್ವೆ ನಂಬರ್, ಅಚ್ಚುಕಟ್ಟಿನ ವಿಸ್ತಾರ ಇನ್ನೊಂದು ಕಡೆ. ಕೆರೆಗಳದ್ದೊಂದು ಪದರ, ರಸ್ತೆಗಳದ್ದೊಂದು, ಕಾಡಿನದ್ದೊಂದು. ಪದರಗಳನ್ನು ಒಂದರ ಮೇಲೊಂದು ಹಾಸಿದಾಗ, ಬಿಡಿ ನಕ್ಷೆಯಲ್ಲಿ ಕಾಣದ ಸಂಬಂಧಗಳು ಕಾಣುತ್ತವೆ. 1960ರ ದಶಕದಲ್ಲಿ ಕೆನಡಾದ ಭೂಸಂಪತ್ತನ್ನು ಲೆಕ್ಕಹಾಕಲು ರೋಜರ್ ಟಾಮ್ಲಿನ್ಸನ್ ಈ ಕ್ರಮವನ್ನು ಕಂಪ್ಯೂಟರಿಗೆ ತಂದರು. ಇಂದು ಕರ್ನಾಟಕದ ‘ದಿಶಾಂಕ್’ ಆ್ಯಪ್ ತೆರೆದು ಗದ್ದೆಯ ಬದುವಿನ ಮೇಲೆ ನಿಂತ ರೈತರು ತಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆಂದು ನೋಡಿಕೊಳ್ಳಬಹುದು.

ಈ ವಿದ್ಯೆಯ ಕಲಿಕೆ ತಂತ್ರಾಂಶದ ಗುಂಡಿಗಳಿಂದ ಆರಂಭವಾಗುವುದೇ ಹೆಚ್ಚು. ಆದರೆ ಅದರ ತಳದಲ್ಲಿ ಒಂದು ತತ್ತ್ವಪ್ರಶ್ನೆ ಇದೆ: ನಕ್ಷೆಯಲ್ಲಿ ಎಳೆದ ಗೆರೆ ನೆಲದಲ್ಲಿ ಇದೆಯೇ, ಅಥವಾ ಎಳೆದವರ ಉದ್ದೇಶದಲ್ಲಿ ಇದೆಯೇ? ಸೊರಬ–ಶಿಕಾರಿಪುರ ಸೀಮೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನಗಳ ಅಧ್ಯಯನ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ವೈಶೇಷಿಕರ ಒಂಬತ್ತು ದ್ರವ್ಯಗಳಲ್ಲಿ ‘ದಿಕ್’ ಒಂದು. ಅದು ಒಂದೇ, ನಿತ್ಯ, ಎಲ್ಲೆಡೆ ವ್ಯಾಪಿಸಿರುವಂಥದ್ದು. ಮೂಡಲು, ಪಡುವಲು ಎಂಬ ಭೇದಗಳು ಅದರಲ್ಲೇ ಹುಟ್ಟಿದವಲ್ಲ; ಸೂರ್ಯನ ಸಂಬಂಧದಂಥ ಉಪಾಧಿಯಿಂದ ಬಂದವು. ಉಪಾಧಿ ಎಂದರೆ ಅಖಂಡವಾದುದನ್ನು ಖಂಡವಾಗಿ ತೋರಿಸುವ ಹೊರಗಿನ ನಿಮಿತ್ತ. ಜಿಐಎಸ್ ಕಲಿಯುವವರಿಗೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ.

ಅಕ್ಷಾಂಶ–ರೇಖಾಂಶಗಳನ್ನೇ ನೋಡಬಹುದು. ಸೊರಬ ಪಟ್ಟಣದಿಂದ ಸುಮಾರು 10 ಕಿಲೋಮೀಟರ್ ಪಶ್ಚಿಮಕ್ಕೆ 75 ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುತ್ತದೆ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೆಯ ವಲಯಕ್ಕೆ ಅದೇ ನಡುರೇಖೆ. ಎರಡೂ ತಾಲ್ಲೂಕುಗಳ ಪೂರ್ವ–ಪಶ್ಚಿಮ ಅಳತೆಗಳನ್ನು ಈ ಪದ್ಧತಿಯಲ್ಲಿ ಹೇಳುವಾಗ ಅಲ್ಲಿಂದಲೇ ಎಣಿಸಬೇಕು. ಆದರೂ ಅಲ್ಲಿ ಹೋಗಿ ನಿಂತವರಿಗೆ ಕಾಣುವುದು ಗದ್ದೆ, ಗುಡ್ಡ, ಅಡಿಕೆ ತೋಟ ಮಾತ್ರ. ಭೂಮಿಯ ಆಕಾರಕ್ಕೆ ಹೊಂದಿಸಿಕೊಂಡ ಗಣಿತದ ಮಾದರಿ, ಅಂದರೆ ಡೇಟಮ್, ಬದಲಾದರೆ ಅದೇ ಕಲ್ಲಿನ ಅಂಕಿಗಳೂ ಬದಲಾಗುತ್ತವೆ. ಭಾರತದ ಹಳೆಯ ನಕ್ಷೆಗಳು ಎವರೆಸ್ಟ್ ಮಾದರಿಯವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಇವೆರಡನ್ನು ಪರಿವರ್ತಿಸದೆ ಬೆರೆಸಿದರೆ ದೇವಸ್ಥಾನ ನಕ್ಷೆಯ ಮೇಲೆ ಪಕ್ಕದ ಗದ್ದೆಗೆ ಸರಿದು ಕೂರುತ್ತದೆ. ದೇವಸ್ಥಾನ ಕದಲಲಿಲ್ಲ, ಉಪಾಧಿ ಬದಲಾಯಿತು. ಹಾಗೆಂದು ಅಂಕಿಗಳು ಸುಳ್ಳಾಗುವುದಿಲ್ಲ. ಯಾವ ಉಪಾಧಿಯಲ್ಲಿ ಅಳೆದದ್ದು ಎಂದು ಹೇಳಿದರೆ ಅವು ನಿಜ, ಹೇಳದಿದ್ದರೆ ಅವಕ್ಕೆ ಅರ್ಥವೇ ಇಲ್ಲ.

ಜಾಗವನ್ನು ಅಂಕಿಗಳಿಲ್ಲದೆ ಹೇಳುವ ಕ್ರಮವೂ ಇಲ್ಲಿ ಬಲವಾಗಿತ್ತು. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ದಾನಶಾಸನಗಳು ಭೂಮಿಯ ಎಲ್ಲೆಯನ್ನು ಮರ, ಹಳ್ಳ, ಹುತ್ತ, ನೆಟ್ಟ ಕಲ್ಲು ಎಂದು ಒಂದೊಂದಾಗಿ ದಾಟುತ್ತ ವರ್ಣಿಸುತ್ತವೆ. ಶಿವನಿಗೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದರು. ಅಲ್ಲಿ ಎಲ್ಲೆ ಎಂಬುದು ಅಳತೆಯ ಜೊತೆಗೆ ದೇವರ ಸಾಕ್ಷಿಯಲ್ಲಿ ಕೊಟ್ಟ ಮಾತೂ ಆಗಿತ್ತು. ಇಂದಿನ ಕ್ರಯಪತ್ರದ ಚಕ್ಕುಬಂದಿ ಅದೇ ಜಾಡಿನದು: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ. ಇಲ್ಲಿ ಜಾಗವೆಂದರೆ ನೆರೆಹೊರೆಯ ಸಂಬಂಧಗಳ ಮೊತ್ತ. ಯುರೋಪಿನಲ್ಲಿ ನ್ಯೂಟನ್ ಅವಕಾಶವನ್ನು ವಸ್ತುಗಳಿಗಿಂತ ಮೊದಲೇ ಇರುವ ಪಾತ್ರೆಯಂತೆ ಕಂಡರೆ, ಲೈಬ್‌ನಿಟ್ಸ್ ಅದನ್ನು ವಸ್ತುಗಳ ನಡುವಿನ ಸಂಬಂಧವೆಂದರು. ಜಿಐಎಸ್ ಎರಡನ್ನೂ ಇಟ್ಟುಕೊಂಡಿದೆ. ನಿರ್ದೇಶಾಂಕ ಪಾತ್ರೆಯ ಲೆಕ್ಕ. ಯಾವುದಕ್ಕೆ ಯಾವುದು ತಾಗಿದೆ, ಯಾವುದರೊಳಗೆ ಯಾವುದಿದೆ ಎಂದು ನೋಡುವ ಟೊಪಾಲಜಿ ಚಕ್ಕುಬಂದಿಯ ಲೆಕ್ಕ.

ನೀರಿನ ವಿಷಯದಲ್ಲಿ ಈ ಎರಡನೆಯ ಲೆಕ್ಕಕ್ಕೇ ಹೆಚ್ಚು ಬೆಲೆ. ಉಪಗ್ರಹ ಕೊಟ್ಟ ಎತ್ತರದ ಅಂಕಿಗಳಿಂದ ಪ್ರತಿ ಚೌಕದ ನೀರು ಯಾವ ಕಡೆ ಇಳಿಯುತ್ತದೆಂದು ಕಂಪ್ಯೂಟರ್ ಎಣಿಸುತ್ತದೆ. ಸೊರಬದ ದಂಡಾವತಿ ನದಿಗೆ ಇಳಿದ ಮಳೆ ವರದಾ ನದಿಯನ್ನು ಸೇರುತ್ತದೆ. ಶಿಕಾರಿಪುರದ ಮಗ್ಗುಲಲ್ಲಿ ಹರಿಯುವ ಕುಮುದ್ವತಿಯದು ಬೇರೆ ದಾರಿ. ಕೊನೆಗೆ ಎರಡೂ ತುಂಗಭದ್ರೆಯಲ್ಲಿ ಒಂದಾಗುತ್ತವೆ. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವ ಈ ಸೀಮೆಯಲ್ಲಿ, ಊರಿನ ಎಲ್ಲೆಗೆ ಕತ್ತರಿಸಿದ ಕೆರೆಯ ಪದರ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಗೆರೆಯ ಪ್ರಶ್ನೆ ಅತ್ಯಂತ ತೀವ್ರವಾಗುವುದು ಕಾನುಗಳಲ್ಲಿ. ಸೊರಬದ ಕಾನು ಎಂದರೆ ಒಣಕಾಡು, ಹುಲ್ಲುಗಾವಲುಗಳ ನಡುವೆ ಉಳಿದುಬಂದ ನಿತ್ಯಹಸುರಿನ ತುಂಡು. ಒಳಗೆ ನೀರಿನ ಒರತೆ, ಕಾಳುಮೆಣಸಿನ ಬಳ್ಳಿ, ಬಗನಿ ಮರ, ಹಲವು ಕಡೆ ಊರು ನಂಬಿದ ದೇವರು. 1868ರಲ್ಲಿ ಬ್ರಿಟಿಷ್ ಆಡಳಿತದ ಬ್ರಾಂಡಿಸ್ ಮತ್ತು ಗ್ರಾಂಟ್ ಸಲ್ಲಿಸಿದ ವರದಿ ಈ ತಾಲ್ಲೂಕಿನಲ್ಲಿ 171 ಕಾನುಗಳನ್ನು ಎಣಿಸಿತ್ತು. ನಕ್ಷೆಗೆ ಬೇಕಾದದ್ದು ಮುಚ್ಚಿದ ಬಹುಭುಜ: ಒಳಗೆ ಕಾನು, ಹೊರಗೆ ಕಾನಲ್ಲ. ಕಾಡಾದರೋ ಹಾಗೆ ಮುಗಿಯುವುದಿಲ್ಲ. ಮರ ತೆಳುವಾಗುತ್ತ, ನೆರಳು ಕಡಿಮೆಯಾಗುತ್ತ, ಯಾವುದೋ ಒಂದು ಹೆಜ್ಜೆಯಲ್ಲಿ ಬಯಲು. ಆ ಹೆಜ್ಜೆ ಯಾವುದೆಂದು ಯಾರಾದರೂ ತೀರ್ಮಾನಿಸಬೇಕು, ಮತ್ತು ಆ ತೀರ್ಮಾನದ ಮೇಲೆ ಸಾಗುವಳಿ, ಸೊಪ್ಪು, ಒರತೆ, ಪೂಜೆ ಎಲ್ಲವೂ ನಿಲ್ಲುತ್ತವೆ. ಗೆರೆ ಉಪಾಧಿಯೆಂದು ಉಪೇಕ್ಷಿಸುವಂತಿಲ್ಲ. ಒಮ್ಮೆ ದಾಖಲೆಗೆ ಏರಿದ ಮೇಲೆ ಅದು ನೆಲವನ್ನೇ ತನ್ನ ಆಕಾರಕ್ಕೆ ತಂದುಕೊಳ್ಳುತ್ತದೆ: ಗೆರೆಯ ಹೊರಗೆ ಬಿದ್ದ ಮರ ಕೊಡಲಿಗೆ ಸುಲಭದ ತುತ್ತು.

ಉಪಗ್ರಹ ಚಿತ್ರಕ್ಕೆ ಗೆರೆಯ ಕಷ್ಟವಿಲ್ಲ, ಅದು ಲೋಕವನ್ನು ಚೌಕಳಿಗಳಾಗಿ ನೋಡುತ್ತದೆ. ಭಾರತದ ಲಿಸ್–3 ಕ್ಯಾಮೆರಾದ ಒಂದು ಚೌಕ 23.5 ಮೀಟರಿನದು, ನಮ್ಮ ಅಳತೆಯಲ್ಲಿ ಸುಮಾರು ಐದೂವರೆ ಗುಂಟೆ. ಆ ಐದೂವರೆ ಗುಂಟೆಯೊಳಗಿನ ಎಲೆ, ನೆರಳು, ನೀರು, ದಾರಿ ಎಲ್ಲ ಬೆರೆತು ಪ್ರತಿ ಬಣ್ಣಪಟ್ಟಿಗೆ ಒಂದೇ ಅಂಕಿಯಾಗುತ್ತದೆ. ಕಾನಿನ ಹಸುರು ವರ್ಷದಿಂದ ವರ್ಷಕ್ಕೆ ಹೇಗೆ ಕುಗ್ಗಿತೆಂದು ಅಳೆಯಲು ಇಷ್ಟು ಸಾಕು. ಇದು ದೊಡ್ಡ ಉಪಕಾರವೇ. ಆದರೆ ಮರದ ಬುಡದ ಚೌಡಿ ದೇವತೆಯ ಕಲ್ಲು ಯಾವ ಚೌಕದಲ್ಲೂ ಕಾಣದು. ಅದನ್ನು ಬಲ್ಲವರು ಕರೆದುಕೊಂಡು ಹೋಗಿ ತೋರಿಸಬೇಕು.

ಅಳತೆಗೆ ಸಿಗದ ಜಾಗದ ಮಾತು ಈ ಸೀಮೆಯ ವಚನಕಾರರಲ್ಲೂ ಇದೆ. ಅಲ್ಲಮಪ್ರಭುವನ್ನು ಪರಂಪರೆ ಬಳ್ಳಿಗಾವಿಯವನೆಂದೂ ಅಕ್ಕಮಹಾದೇವಿಯನ್ನು ಅದೇ ತಾಲ್ಲೂಕಿನ ಉಡುತಡಿಯವಳೆಂದೂ ಹೇಳುತ್ತದೆ. ಇವರ ಮಾರ್ಗದ ಷಟ್‌ಸ್ಥಲದಲ್ಲಿ ಸ್ಥಲವೆಂದರೆ ಭಕ್ತನಿಂದ ಐಕ್ಯದವರೆಗಿನ ನಿಲುವುಗಳು. ಅಲ್ಲಮನ ಬಯಲಿಗೆ ಎಲ್ಲೆಯೇ ಇಲ್ಲ. ಜಿಐಎಸ್ ಆ ಬಯಲನ್ನು ಅಳೆಯಬೇಕಿಲ್ಲ. ಆದರೆ ಜನ ನೆಲದೊಡನೆ ಇಟ್ಟುಕೊಂಡ ನಡವಳಿಕೆಯನ್ನು ಅದು ದಾಖಲಿಸಬಲ್ಲದು. ಭೂಮಿಹುಣ್ಣಿಮೆಯ ನಸುಕಿನಲ್ಲಿ ಮಲೆನಾಡಿನ ರೈತರು ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತೆನೆ ತುಂಬುವ ಪೈರನ್ನು ಬಸುರಿಯಂತೆ ಕಂಡು ಬಯಕೆಯ ಊಟ ಬಡಿಸಿ, ಸುತ್ತಲೂ ಚರಗ ಚೆಲ್ಲುತ್ತಾರೆ. ಪಹಣಿಯ ಕಲಂಗಳಲ್ಲಿ ಇದಕ್ಕೆ ಜಾಗವಿಲ್ಲ. ಮಾಹಿತಿ ಕೋಷ್ಟಕಕ್ಕೆ ಒಂದು ಕಲಂ ಸೇರಿಸುವುದು ಮಾತ್ರ ಕ್ಷಣದ ಕೆಲಸ.

ಆದ್ದರಿಂದ ಕಾನನ್ನು ನಕ್ಷೆಗೆ ಇಳಿಸುವ ಒಳ್ಳೆಯ ಕ್ರಮ ಹೀಗಿರುತ್ತದೆ. ಒಂದೇ ಗೆರೆಯ ಬದಲು ಎರಡು: ಖಚಿತವಾಗಿ ಕಾನಾಗಿರುವ ಒಳಗೆರೆ, ಕಾನಿನ ಸೆರಗು ಮುಗಿಯುವ ಹೊರಗೆರೆ. ಪ್ರತಿ ಗೆರೆಯ ಜೊತೆಗೆ ಅಳೆದ ತಾರೀಖು, ಉಪಕರಣ, ಡೇಟಮ್, ಜೊತೆಗೆ ನಡೆದ ಊರಿನವರ ಒಪ್ಪಿಗೆ. ಒರತೆಗಳು ಬಿಂದುಗಳಾಗಿ. ದೇವರ ಕಲ್ಲಿನ ನೆಲೆ ಹೊರಗಿನವರಿಗೆ ತಿಳಿಯಬಾರದೆಂದು ಊರು ಹೇಳಿದರೆ, ಆ ಬಿಂದುವನ್ನು ಸಾರ್ವಜನಿಕ ಪದರದಿಂದ ತೆಗೆದಿಡಬೇಕು.