ಅರ್ಧ ಮದ್ದು

ಪಳನಿಯ ದರ್ಶನ ಮುಗಿಸಿ ಮಧುರೆಯತ್ತ ಹೊರಟಿದ್ದೆವು. ದಿಂಡಿಗಲ್ಲಿನ ದಾರಿಯಲ್ಲಿ ಒಡ್ಡನ್‌ಛತ್ರಂ ಎಂಬ ಊರು ಸಿಗುತ್ತದೆ. ಕೇರಳದ ಅಡುಗೆಮನೆಗಳಿಗೂ ಈ ಊರಿಗೂ ಹತ್ತಿರದ ನಂಟು. ಇಲ್ಲಿಯ ದೊಡ್ಡ ತರಕಾರಿ ಮಾರುಕಟ್ಟೆಯಿಂದ ಟೊಮೇಟೊ, ನುಗ್ಗೆ, ಹಸಿಮೆಣಸು ತುಂಬಿದ ಲಾರಿಗಳು ಗಡಿ ದಾಟಿ ಹೋಗುತ್ತಲೇ ಇರುತ್ತವೆ. ಮಲಯಾಳದ ಓದುಗರಿಗೆ ಇನ್ನೊಂದು ಕಾರಣದಿಂದಲೂ ಊರಿನ ಹೆಸರು ಗೊತ್ತಿರಬಹುದು. ಎ.ಕೆ. ತರಿಯನ್ ಮತ್ತು ಜೇಕಬ್ ಚೆರಿಯನ್ ಎಂಬ ಇಬ್ಬರು ಮಲಯಾಳಿ ವೈದ್ಯರು 1955ರಲ್ಲಿ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆಯನ್ನು ಕಟ್ಟಿದ್ದು ಈ ಊರಿನಲ್ಲಿ.

ನನಗೆ ಊರು ನೆನಪಿನಲ್ಲಿ ಉಳಿದದ್ದು ಬೇರೆ ಕಾರಣಕ್ಕೆ. ಬಸ್ಸು ನಿಂತಾಗ ತಲೆನೋವಿನ ಗುಳಿಗೆಗೆಂದು ಒಂದು ಮದ್ದಿನಂಗಡಿಗೆ ಹೋದೆ. ಅಲ್ಲಿ ಒಬ್ಬ ಮುದುಕಿ ತನ್ನ ಮೊಮ್ಮಗನೊಡನೆ ಮಾತಾಡುತ್ತಿದ್ದಳು. ಮೊದಲು ತಮಿಳೆಂದುಕೊಂಡೆ. ಕಿವಿಗೊಟ್ಟರೆ ಕನ್ನಡ! ದಿಂಡಿಗಲ್ಲು, ತೇನಿ, ಕಂಬಂ ಕಣಿವೆಯ ಊರುಗಳಲ್ಲಿ ಅನುಪ್ಪ ಗೌಂಡರು, ಕಪ್ಪಿಲಿಯರು ಮುಂತಾದವರು ತಲೆತಲಾಂತರದಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡಿದ್ದಾರೆಂದು ಓದಿದ್ದೆ, ಕೇಳಿದ್ದು ಅದೇ ಮೊದಲು. ಓದಲು ಬರೆಯಲು ತಮಿಳು, ಒಲೆಯ ಮುಂದೆ ಕನ್ನಡ. ಗಡಿನಾಡಿನ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆಕೆಯ ಕೈಯಲ್ಲಿದ್ದದ್ದು ಉಬ್ಬಸದ ಇನ್‌ಹೇಲರು. ನನ್ನ ಜೇಬಿನಲ್ಲಿಯೂ ಅಂಥದೇ ಒಂದಿತ್ತು. ಆ ಸಲಿಗೆಯಿಂದ ಮಾತಿಗೆ ಇಳಿದೆ. ಮಂಡಿಯಲ್ಲಿ ಒಣಮೆಣಸಿನ ಚೀಲಗಳ ನಡುವೆ ಇಪ್ಪತ್ತು ವರ್ಷ ದುಡಿದ ಜೀವ. ಬೆಳಗ್ಗೆ ಎರಡು ಸಲ, ರಾತ್ರಿ ಎರಡು ಸಲ ಎಳೆಯಬೇಕೆಂದು ಒಬ್ಬ ವೈದ್ಯರು ಬರೆದುಕೊಟ್ಟಿದ್ದರು. 120 ಸಲದ ಡಬ್ಬಿ, ಲೆಕ್ಕಕ್ಕೆ ಸರಿಯಾಗಿ ಒಂದು ತಿಂಗಳು. ಆದರೆ ಆಕೆ ಅದನ್ನು ಎರಡು ತಿಂಗಳು ಬರಿಸುತ್ತಾಳೆ.

“ಪೂರ್ತಿ ಎಳೆದ್ರೆ ಬೇಗ ತೀರಿಹೋಗ್ತದೆ ಸಾಮಿ” ಎಂದಳು.

ಡಬ್ಬಿಯ ಬೆಲೆ ನಾನೂರಕ್ಕೆ ಮಿಕ್ಕಿತ್ತು. ಅವಳ ಒಂದು ದಿನದ ಕೂಲಿಗಿಂತ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದಲ್ಲವೇ ಎಂದೆ. ಹೋಗಿ ಸರದಿಯಲ್ಲಿ ನಿಂತು ಬಂದರೆ ಒಂದು ದಿನದ ಕೂಲಿ ಹೋಯಿತು, ಇರುತ್ತದೋ ಇಲ್ಲವೋ ಅದೂ ತಿಳಿಯದು, ಎಂಬುದು ಅವಳ ಉತ್ತರ. ಅಂದರೆ ಧರ್ಮಕ್ಕೆ ಸಿಗುವ ಮದ್ದಿಗೂ ಬೆಲೆಯುಂಟು.

ಅರ್ಧ ಮದ್ದು ಸೇವಿಸುವುದು ಯಾರ ತಪ್ಪು? ಪೇಟೆಯ ವೈದ್ಯರು ಇದನ್ನು ಅಜ್ಞಾನ, ಅಶಿಸ್ತು ಎನ್ನುತ್ತಾರೆ. ಆ ಮುದುಕಿಯ ಲೆಕ್ಕ ಕೇಳಿದ ಮೇಲೆ ನನಗೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ತಿಂಗಳ ಡಬ್ಬಿ, ಮೊಮ್ಮಗನ ಫೀಸು, ಅಕ್ಕಿಯಂಗಡಿಯ ಬಾಕಿ ಎಲ್ಲವನ್ನೂ ಆಕೆ ತೂಗಿ ನೋಡಿದ್ದಾಳೆ. ಕಡಿತಕ್ಕೆ ಬಗ್ಗುವುದು ಒಂದೇ ಬಾಬ್ತು, ಅವಳ ಉಸಿರು. ಉಬ್ಬಸವನ್ನು ತಡೆಯುವ ಈ ಬಗೆಯ ಮದ್ದು ಶ್ವಾಸನಾಳದ ಊತವನ್ನು ನಿಧಾನವಾಗಿ ಇಳಿಸುವಂಥದು. ಇವತ್ತು ಬಿಟ್ಟರೆ ಇವತ್ತೇ ಸಂಕಟವಾಗುವುದಿಲ್ಲ. ತಿಂಗಳು ಕಳೆದು ಒಂದು ಚಳಿಯ ರಾತ್ರಿ ಅದು ಸಾಲ ವಸೂಲಿಗೆ ಬರುತ್ತದೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳ ಗುಣವೂ ಇದೇ. ಬಡತನ ಮೊದಲು ಕೈಹಾಕುವುದು ಇಂಥ ಮದ್ದುಗಳಿಗೇ.

ಮನೆಯವರಿಗೆ ಇದು ಗೊತ್ತೇ ಎಂದು ಕೇಳಿದೆ. ಆಕೆ ನಕ್ಕಳು. ಮಗ ಕೇಳಿದರೆ “ಇನ್ನೂ ಇದೆ” ಎನ್ನುತ್ತಾಳಂತೆ. ಈ ಸುಳ್ಳನ್ನು ನಮ್ಮಲ್ಲಿ ಎಷ್ಟು ತಾಯಂದಿರು ಹೇಳಿಲ್ಲ! ನಾವು ಅದನ್ನು ತ್ಯಾಗವೆಂದು ಹಾಡಿ ಹೊಗಳುತ್ತೇವೆ. ನನಗೆ ಆ ಹೊಗಳಿಕೆಯ ಮೇಲೆಯೇ ಗುಮಾನಿ. ಬೇರೆ ದಾರಿಯಿದ್ದೂ ಬಿಟ್ಟುಕೊಟ್ಟರೆ ತ್ಯಾಗ. ದಾರಿಯೇ ಇಲ್ಲದವಳು ಬಿಟ್ಟದ್ದನ್ನು ತ್ಯಾಗವೆಂದರೆ ನಮ್ಮ ಮನಸ್ಸಿಗೆ ಹಗುರವಾಗುತ್ತದೆ, ಅಷ್ಟೇ.

ಹಾಗಾದರೆ ಬೆಲೆ ಎಂದರೇನು? ಅದೇ ಊರಿನ ಮಂಡಿಯಲ್ಲಿ ರೈತ ಟೊಮೇಟೊ ಪೆಟ್ಟಿಗೆ ಇಳಿಸುತ್ತಾನೆ, ಬೆಲೆಯನ್ನು ಕೊಳ್ಳುವವರು ಹೇಳುತ್ತಾರೆ. ಇಳಿದ ದಿನ ಲಾರಿ ಬಾಡಿಗೆಯೂ ಗಿಟ್ಟದೆ ರಸ್ತೆಗೆ ಸುರಿಯುವುದುಂಟು. ಅದೇ ರೈತ ಮದ್ದಿನಂಗಡಿಗೆ ಬಂದರೆ ಅಲ್ಲಿ ಬೆಲೆ ಅಚ್ಚಾಗಿ ಕೂತಿದೆ. ಮಾರುವಾಗಲೂ ಅವನ ಮಾತಿಲ್ಲ, ಕೊಳ್ಳುವಾಗಲೂ ಇಲ್ಲ. ಮದ್ದಿನ ವಿಷಯದಲ್ಲಿ ಇನ್ನೊಂದು ವಿಚಿತ್ರವುಂಟು. ಆರಿಸುವವರು ವೈದ್ಯರು, ನುಂಗುವವನು ಮತ್ತೊಬ್ಬ, ಹಣ ಕೊಡುವವನು ಮಗದೊಬ್ಬ. ಒಂದೇ ಮದ್ದು ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಸಿಗುವುದು ಇದರಿಂದಲೇ.

ಸರ್ಕಾರ ಕಣ್ಮುಚ್ಚಿ ಕುಳಿತಿದೆ ಎಂದರೆ ಅನ್ಯಾಯವಾದೀತು. 1970ರ ಪೇಟೆಂಟ್ ಕಾಯಿದೆ ಮದ್ದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತು, ಮದ್ದಿಗೇ ಕೊಡಲಿಲ್ಲ. ಅದರಿಂದಾಗಿ ಅಗ್ಗದ ಗುಳಿಗೆಗಳು ನಮ್ಮಲ್ಲಿ ಹುಟ್ಟಿ ಲೋಕಕ್ಕೆಲ್ಲ ಹೋದವು. 2005ರಲ್ಲಿ ವಿಶ್ವ ವ್ಯಾಪಾರ ಒಪ್ಪಂದಕ್ಕೆ ಕಟ್ಟುಬಿದ್ದು ಮದ್ದಿಗೇ ಹಕ್ಕು ಕೊಡಬೇಕಾಯಿತು. ಬೆಲೆ ನಿಯಂತ್ರಣದ ಆಜ್ಞೆಯೂ ಬದಲಾಗಿದೆ. 1995ರ ಆಜ್ಞೆ “ತಯಾರಿಸಲು ಎಷ್ಟು ಖರ್ಚಾಯಿತು?” ಎಂದು ಕೇಳುತ್ತಿತ್ತು. 2013ರ ಆಜ್ಞೆ “ಪೇಟೆಯಲ್ಲಿ ಎಷ್ಟಕ್ಕೆ ಮಾರುತ್ತಿದ್ದಾರೆ?” ಎಂದು ಕೇಳಿ, ಅದರ ಸರಾಸರಿಯ ಮೇಲೆ ಅಂಗಡಿಯವನ ಪಾಲು ಶೇಕಡಾ 16 ಸೇರಿಸಿ ಮಿತಿ ಹಾಕುತ್ತದೆ. ಎರಡು ಪ್ರಶ್ನೆಗಳ ನಡುವಿನ ಅಂತರ ಸಣ್ಣದೆಂದು ನನಗೆ ತೋರುವುದಿಲ್ಲ. ಮೊದಲನೆಯದು ನ್ಯಾಯದ ಪ್ರಶ್ನೆ, ಎರಡನೆಯದು ರೂಢಿಯ ಪ್ರಶ್ನೆ. ಈ ಮಿತಿ ಸಗಟು ಬೆಲೆಯ ಸೂಚ್ಯಂಕದೊಂದಿಗೆ ವರ್ಷವರ್ಷವೂ ಏರುತ್ತದೆ: 2022ರಲ್ಲಿ ಶೇಕಡಾ 10.7, 2023ರಲ್ಲಿ ಶೇಕಡಾ 12.1. ಸೂಚ್ಯಂಕ ಇಳಿದರೆ ಮಿತಿಯೂ ಇಳಿಯಬೇಕೆಂಬ ನಿಯಮವಿದೆ, ಒಮ್ಮೆ 2016ರಲ್ಲಿ ಇಳಿದದ್ದೂ ಉಂಟು. ಆ ಸೂಚ್ಯಂಕದಲ್ಲಿ ಟೊಮೇಟೊ ಬೆಲೆಯೂ ಸೇರಿದೆ ಎಂಬುದು ಒಡ್ಡನ್‌ಛತ್ರದಲ್ಲಿ ನಿಂತು ಯೋಚಿಸಿದರೆ ನಗು ತರಿಸುವ ಸಂಗತಿ. ಪಟ್ಟಿಯ ಹೊರಗಿನ ಮದ್ದುಗಳಿಗಂತೂ ವರ್ಷಕ್ಕೆ ಶೇಕಡಾ ಹತ್ತರವರೆಗೆ ಏರಿಸಲು ತಯಾರಕರಿಗೆ ಬಿಡುವಿದೆ.

ಕಂಪನಿಗಳ ವಾದವನ್ನೂ ಕೇಳಬೇಕು. ಲಾಭವಿಲ್ಲದೆ ಹೊಸ ಮದ್ದನ್ನು ಯಾರು ಹುಡುಕುತ್ತಾರೆ? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ನೂರು ಪ್ರಯೋಗಗಳು ಸೋತಾಗಲೂ ಯಾರೋ ಸಂಬಳ ಕೊಟ್ಟಿರುತ್ತಾರೆ. ಆದರೆ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನಮ್ಮಲ್ಲಿ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮದ್ದಿಗೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಇತ್ತು. 2012ರಲ್ಲಿ ಸರ್ಕಾರ ಕಡ್ಡಾಯ ಪರವಾನಗಿ ಕೊಟ್ಟಾಗ ಅದನ್ನೇ ಹೈದರಾಬಾದಿನ ನ್ಯಾಟ್ಕೊ ಕಂಪನಿ 8,880ಕ್ಕೆ ಕೊಡಲು ಒಪ್ಪಿತು. ಈ ಎರಡು ಅಂಕಿಗಳ ನಡುವಿನ ಹಣವೆಲ್ಲ ಹುಡುಕಾಟದ ಖರ್ಚೆಂದು ನಂಬಲು ನನಗೆ ಕಷ್ಟ. ಹುಡುಕಾಟದ ಖರ್ಚನ್ನು ಸಮಾಜ ಹೊರಬೇಕೆಂದರೆ ಹೊರಲಿ, ಆದರೆ ರೋಗಿಯೊಬ್ಬನೇ ಅದನ್ನು, ಅದೂ ಹಾಸಿಗೆ ಹಿಡಿದ ದಿನವೇ, ಏಕೆ ಹೊರಬೇಕು? ತೆರಿಗೆಯನ್ನಾದರೂ ದುಡಿಮೆ ನೋಡಿ ಹಾಕುತ್ತಾರೆ. ಮದ್ದಿನ ಬೆಲೆ ನೋಡುವುದು ಕಾಯಿಲೆಯನ್ನು ಮಾತ್ರ.

ತಮಿಳುನಾಡಿನಲ್ಲಿ 2021ರ ಆಗಸ್ಟಿನಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಶುರುವಾದದ್ದು ನಮ್ಮಂತೆಯೇ ಗಡಿಯ ಜಿಲ್ಲೆಯಾದ ಕೃಷ್ಣಗಿರಿಯ ಒಂದು ಹಳ್ಳಿಯಲ್ಲಿ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಮನೆಬಾಗಿಲಿಗೆ ತಂದುಕೊಡುತ್ತಾರೆ. ಕೂಲಿ ಕಳೆದುಕೊಳ್ಳುವ ಸಮಸ್ಯೆಯನ್ನು ಯಾರೋ ಅರ್ಥಮಾಡಿಕೊಂಡಿದ್ದಾರೆಂದು ಸಂತೋಷವಾಗುತ್ತದೆ. ಮುದುಕಿಯ ಬೀದಿಗೂ ಬರುತ್ತಾರಂತೆ, ಪಕ್ಕದ ಮನೆಯವಳ ಸಕ್ಕರೆ ಗುಳಿಗೆಗೆ. “ನಂಗೆ ಸಕ್ಕರೆ ಬಂದಿದ್ರೆ ಚೆನ್ನಾಗಿತ್ತು” ಎಂದು ಆಕೆ ತಮಾಷೆ ಮಾಡಿದಳು.

ಬಸ್ಸಿನವನು ಹಾರನ್ ಒತ್ತಿದ. ಹೊರಡುವಾಗ ಆಕೆ ಕೇಳಿದಳು: “ನಿಮ್ಮೂರಲ್ಲಿ ಇದಕ್ಕೆ ಎಷ್ಟು?” ನನಗೆ ತಿಳಿದಿರಲಿಲ್ಲ. ನಮ್ಮ ಮನೆಗೆ ಮದ್ದು ತರುವವನು ಮಗ. ಏಳೆಂಟು ವರ್ಷಗಳಿಂದ ನಾನು ಇನ್‌ಹೇಲರಿನ ರಶೀದಿ ನೋಡಿದವನೇ ಅಲ್ಲ. ಮುಂದಿನ ಸಾಲಿನ ಸೀಟಿನಲ್ಲಿ ಕುಳಿತು ಜೇಬಿನಿಂದ ನನ್ನದನ್ನು ತೆಗೆದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಕನ್ನಡಕ ಹಾಕಿದರೂ ಓದಲಾಗಲಿಲ್ಲ, ಹೆಂಡತಿಯ ಕೈಗೆ ಕೊಟ್ಟು ಬೆಲೆ ಓದಿಸಿದೆ.