ಮುಚ್ಚಳವಿಲ್ಲದ ಡ್ರಮ್ಮು



ಬತ್ತದ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ನೀರು ಬಂದ ದಿನ ಕೊಡ, ಡ್ರಮ್ಮು, ತೊಟ್ಟಿಗಳನ್ನೆಲ್ಲ ತುಂಬಿಸಿಡುವುದು ಆಂಡರ್ಸನ್‌ಪೇಟೆಯ ಮನೆಮನೆಯ ರೂಢಿ. ನೀರನ್ನು ಜೋಪಾನ ಮಾಡುವುದು ಅಲ್ಲಾಹನ ಅನುಗ್ರಹಕ್ಕೆ ಸಲ್ಲಿಸುವ ಕೃತಜ್ಞತೆಯೇ ಸರಿ. ಆದರೆ ನಿಮ್ಮ ಡ್ರಮ್ಮಿಗೆ ಮುಚ್ಚಳವಿದೆಯೇ?

ಡೆಂಗ್ಯೂ ಬಂದರೆ ನಾವು ಚರಂಡಿಯನ್ನು ದೂರುತ್ತೇವೆ. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ಮನೆಯ ತಿಳಿನೀರೇ ಇಷ್ಟ. ಅದು ಕಚ್ಚುವುದು ಹಗಲಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಬೇಕು. ಜುಮಾದ ಸ್ನಾನದ ದಿನವೇ ಡ್ರಮ್ಮನ್ನೂ ತೊಳೆದರೆ ವಾರದ ಲೆಕ್ಕ ಸರಿಹೋಗುತ್ತದೆ.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು, ನೀರಿನ ಚೀಲದ ಬಾಯಿ ಕಟ್ಟಲು ಪ್ರವಾದಿವರ್ಯರು(ಸ) ಆದೇಶಿಸಿದ್ದನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಮದ್ರಸದಲ್ಲಿ ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವೇ ಮನೆಯಲ್ಲಿ ಮರೆಯುತ್ತೇವೆ. ಕೇಳಿದರೆ ‘ಎಲ್ಲ ವಿಧಿ’ ಎನ್ನುತ್ತೇವೆ. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ದಾರಿಯಲ್ಲಿ ತಿಳಿದಾಗ ಖಲೀಫ ಉಮರ್(ರ) ತಮ್ಮ ಸಂಗಡಿಗರೊಂದಿಗೆ ಮರಳಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಎಂಬರ್ಥದ ಉತ್ತರ ಬಂತು. ಡ್ರಮ್ಮಿನ ಮುಚ್ಚಳವೂ ಆ ಎರಡನೆಯ ವಿಧಿಗೇ ಸೇರಿದ್ದು.

2006ರಲ್ಲಿ ಇದೇ ಸೊಳ್ಳೆ ತಂದ ಚಿಕುನ್‌ಗುನ್ಯ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಾಡಿತೆಂದು ಅಂದಾಜು. 2024ರ ಸೆಪ್ಟೆಂಬರಿನಲ್ಲಿ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಕಟ್ಟಿ ಪಾರಾಗಬಹುದು. ಆದರೆ ನನ್ನ ಡ್ರಮ್ಮಿನ ಸೊಳ್ಳೆ ಪಕ್ಕದ ಮನೆಯ ಮಗುವನ್ನು ಕಚ್ಚಿದರೆ? ಯಾರ ಕೇಡಿನಿಂದ ನೆರೆಯವನು ನಿರ್ಭಯನಲ್ಲವೋ ಅವನ ಈಮಾನನ್ನೇ ಪ್ರವಾದಿವರ್ಯರು(ಸ) ಅಲ್ಲಗಳೆದಿದ್ದಾರೆ. ಆ ನೆರೆಯವನು ಯಾವ ಮತದವನೆಂದು ಸೊಳ್ಳೆಯೂ ಕೇಳುವುದಿಲ್ಲ.

ಆಶಾ ಕಾರ್ಯಕರ್ತೆ ನೀರು ನೋಡಲು ಬಂದರೆ ‘ಮನೆಯಲ್ಲಿ ಗಂಡಸರಿಲ್ಲ’ ಎಂದು ಕಳಿಸಬೇಡಿ. ಬಂದಿರುವವರೂ ಹೆಂಗಸರೇ ಅಲ್ಲವೇ? ಜ್ವರ ಬಂದರೆ ದುಆ ಮಾಡಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ. ಆಸ್ಪಿರಿನ್ ನುಂಗಬೇಡಿ. ಜ್ವರ ಇಳಿಯಿತೆಂದು ಮೈಮರೆಯಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಷ್ಟು ಬರೆದ ಮೇಲೆ, ನಾನು ವುಝೂ ಮಾಡುವ ಹೌಝಿಗೆ ಟಾರ್ಚ್ ಬಿಟ್ಟು ನೋಡಿದೆ. ಮೂಲೆಯಲ್ಲಿ ಮರಿಹುಳುಗಳು ನುಲಿಯುತ್ತಿದ್ದವು. ಈಗ ಅಲ್ಲಿ ಗಪ್ಪಿ ಮೀನುಗಳಿವೆ. ಮಕ್ಕಳು ಮೀನು ನೋಡಲೆಂದೇ ಬಾಂಗಿಗೆ ಮುಂಚೆ ಬರುತ್ತಾರೆ.