ಋಣವಿಲ್ಲದ ಪ್ರೀತಿ

ನಲವತ್ತು ದಾಟಿದ ಕಾಲೇಜು ಮೇಷ್ಟರೊಬ್ಬರು ತಾವು ಪ್ರೀತಿಗೆ ಸಿಕ್ಕಿಬಿದ್ದೆವೆಂದು ಪತ್ರಿಕೆಯಲ್ಲಿ ಹೇಳಿಕೊಳ್ಳುವುದು ಅಷ್ಟು ಮರ್ಯಾದೆಯ ಮಾತಲ್ಲ. ವಾಚಕರು ಗಾಬರಿಯಾಗಬೇಕಾಗಿಲ್ಲ, ಸಂಗತಿ ನನ್ನ ಮನೆಯಾಕೆಗೂ ಗೊತ್ತಿದೆ. ನಾನು ಮನಸೋತದ್ದು ಒಂದು ದ್ವೀಪಕ್ಕೆ. ಅದರ ಹೆಸರು ಗೋಜೋ. ಭೂಮಧ್ಯ ಸಮುದ್ರದಲ್ಲಿ, ಸಿಸಿಲಿಯ ದಕ್ಷಿಣಕ್ಕೆ, ಮಾಲ್ಟಾ ದೇಶಕ್ಕೆ ಸೇರಿದ ಪುಟ್ಟ ನೆಲ. ಉದ್ದ ಹದಿನಾಲ್ಕು ಕಿಲೋಮೀಟರು, ಅಗಲ ಏಳು. ೨೦೨೧ರ ಜನಗಣತಿಯಂತೆ ಸುಮಾರು ಮೂವತ್ತೊಂಬತ್ತು ಸಾವಿರ ಜನ. ಅಲ್ಲಿಯವರು ತಮ್ಮ ಮಾತಿನಲ್ಲಿ ಅದನ್ನು ‘ಆವ್ದೆಶ್’ ಎನ್ನುತ್ತಾರೆ. ನಾನು ಅಲ್ಲಿ ಇದ್ದದ್ದು ಮೂರೇ ದಿನ. ಆದರೆ ಹಿಂದಿರುಗಿ ಬಂದ ಮೇಲೆ, ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ಸಹ, ಆ ಹಳದಿ ಕಲ್ಲಿನ ಬೀದಿಗಳು ಕಣ್ಣಮುಂದೆ ನಿಲ್ಲುತ್ತಿದ್ದವು. ಮೂರು ದಿನ ನೋಡಿದ ಊರನ್ನು ಪ್ರೀತಿಸುತ್ತೇನೆಂದು ಹೇಳಲು ಒಬ್ಬನಿಗೆ ಅಧಿಕಾರವುಂಟೆ? ಅದು ಪ್ರೀತಿಯೆ, ಅಥವಾ ಬೇರೆ ಏನಾದರೂ ಆ ಹೆಸರನ್ನು ಇಟ್ಟುಕೊಂಡು ಬಂದಿದೆಯೆ? ಇದು ನನ್ನನ್ನು ಕೆಲವು ತಿಂಗಳಿಂದ ಕಾಡುತ್ತಿರುವ ಪ್ರಶ್ನೆ.

ಹೋದ ಸಂದರ್ಭವನ್ನು ಮೊದಲು ಹೇಳಬೇಕು. ನನ್ನ ತಮ್ಮ ಕೆಲಸದ ಮೇಲೆ ಮಾಲ್ಟಾದಲ್ಲಿದ್ದಾನೆ. ಬೇಸಿಗೆಯ ರಜೆಯಲ್ಲಿ ಅವನೇ ಟಿಕೆಟ್ಟು ಕಳಿಸಿ ಕರೆಸಿಕೊಂಡ. ಕರೆಸಿಕೊಂಡದ್ದರಲ್ಲಿ ಅಕ್ಕರೆಯೂ ಇತ್ತು, ಒಂದು ಕೆಲಸವೂ ಇತ್ತು. ಚಳ್ಳಕೆರೆಯ ಕಡೆಯ ನಮ್ಮ ಹಳ್ಳಿಯಲ್ಲಿ ತಂದೆಯ ಕಾಲದ ಮಾಳಿಗೆ ಮನೆಯೊಂದಿದೆ. ಗಂಡನನ್ನು ಕಳೆದುಕೊಂಡ ನಮ್ಮ ಅಕ್ಕ ಅಲ್ಲಿ ಒಬ್ಬಳೇ ಇದ್ದಾಳೆ. ಮನೆಯನ್ನು ಮಾರಿ, ಅಕ್ಕನನ್ನು ಬೆಂಗಳೂರಿಗೆ ಕರೆತರಬೇಕೆಂಬುದು ತಮ್ಮನ ಆಲೋಚನೆ. ಅದಕ್ಕೆ ನನ್ನ ಒಪ್ಪಿಗೆಯ ಕಾಗದ ಬೇಕು. “ಗೋಜೋಗೆ ಹೋಗಿ ಮೂರು ದಿನ ಇದ್ದು ಬಾ. ಕಾಗದವನ್ನು ಓದಿ, ಬರುವಾಗ ಸಹಿ ಹಾಕಿಕೊಂಡು ಬಾ” ಎಂದು ಹೇಳಿ ನನ್ನನ್ನು ಹಡಗು ಹತ್ತಿಸಿದ. ಕಾಗದ ನನ್ನ ಕೈಚೀಲದಲ್ಲಿತ್ತು. ಸಹಿ ಹಾಕುವುದರಲ್ಲಿ ನನಗೆ ಸಂದೇಹವೇನೂ ಇರಲಿಲ್ಲ.

ಹಡಗಿನ ದಾರಿ ಅರ್ಧ ಗಂಟೆಯೂ ಆಗದು. ಮಜಾರ್ ಎಂಬ ಬಂದರಿನಲ್ಲಿ ಇಳಿದು ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ದ್ವೀಪದ ನಡುಮಧ್ಯದ ಪಟ್ಟಣ. ಹಳೆಯ ಹೆಸರು ರಬಾತ್. ೧೮೮೭ರಲ್ಲಿ, ರಾಣಿಯ ಪಟ್ಟದ ಐವತ್ತನೆಯ ವರ್ಷಕ್ಕೆಂದು, ಬ್ರಿಟಿಷರು ಅದಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟರು. ಊರಿನ ಮುದುಕರು ಇನ್ನೂ ರಬಾತ್ ಎಂದೇ ಅನ್ನುತ್ತಾರೆ. ಪಟ್ಟಣದ ನೆತ್ತಿಯ ಮೇಲೆ ಕೋಟೆ. ಕೋಟೆಯ ಗೋಡೆಯ ಮೇಲೆ ನಿಂತರೆ ಇಡೀ ದ್ವೀಪ ಹರಿವಾಣದಲ್ಲಿಟ್ಟಂತೆ ಕಾಣುತ್ತದೆ: ಸಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆಗಳ ನಡುವೆ ಸಣ್ಣ ಸಣ್ಣ ಹೊಲಗಳು, ಪ್ರತಿ ಹಳ್ಳಿಗೂ ಊರಿಗೆ ಮೀರಿದ ಗಾತ್ರದ ಒಂದು ಇಗರ್ಜಿ, ಸುತ್ತಲೂ ನೀಲಿಯ ನೀರು. ಸಂಜೆ ಬೀದಿಯಲ್ಲಿ ನಡೆದರೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಮುದುಕಿಯರು. ಕೆಲವು ಮನೆಗಳ ಬೀಗದ ಕೈ ಹೊರಗಡೆಯೇ, ಬೀಗದಲ್ಲೇ ಇರುತ್ತದೆ. ಯಾರು ಬೇಕಾದರೂ ತಿರುಗಿಸಿ ಒಳಗೆ ಹೋಗಬಹುದು. ಮಾರ್ಸಲ್‌ಫೋರ್ನ್ ಎಂಬ ಊರಿನ ಆಚೆ, ಸಮುದ್ರದ ಅಂಚಿನ ಬಂಡೆಯಲ್ಲೇ ಚೌಕ ಚೌಕವಾಗಿ ಕಡಿದ ಉಪ್ಪಿನ ಮಡಿಗಳಿವೆ. ಮಡಿಯೊಂದರಲ್ಲಿ ಒಬ್ಬ ಹೆಂಗಸು ಪೊರಕೆಯಿಂದ ಉಪ್ಪನ್ನು ಗುಡ್ಡೆ ಮಾಡುತ್ತಿದ್ದುದನ್ನು ನಾನು ಒಂದು ಗಂಟೆಯ ಕಾಲ ನೋಡುತ್ತ ನಿಂತೆ. ಎರಡನೆಯ ದಿನವೇ, ಇಲ್ಲೊಂದು ಕೋಣೆ ಹಿಡಿದು ಉಳಿದ ಆಯುಷ್ಯವನ್ನು ಕಳೆದರೆ ಹೇಗೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕತೊಡಗಿದ್ದೆ.

ಆ ಲೆಕ್ಕವನ್ನು ಕೆಡಿಸಿದವರು ಇಬ್ಬರು. ಒಬ್ಬಾಕೆ ನಮ್ಮ ಉಡುಪಿಯ ಕಡೆಯ ಹೆಣ್ಣುಮಗಳು, ಅಲ್ಲಿ ದಾದಿಯಾಗಿದ್ದಾಳೆ. ಬಸ್ಸಿನಲ್ಲಿ ನಾನು ಮನೆಗೆ ಫೋನಿನಲ್ಲಿ ಮಾತನಾಡುವುದನ್ನು ಕೇಳಿ ತಾನಾಗಿ ಮಾತನಾಡಿಸಿದಳು. ಎಂಥ ಸುಂದರವಾದ ಊರಿನಲ್ಲಿದ್ದೀಯಮ್ಮ ಎಂದೆ. “ಚೆಂದ ಉಂಟು ಸರ್. ಆದರೆ ರಾತ್ರಿ ಪಾಳಿ ಮುಗಿಸಿ ಬರುವಾಗ ಚೆಂದ ನೋಡಲಿಕ್ಕೆ ಕಣ್ಣು ತೆರೆದಿರುವುದಿಲ್ಲ” ಎಂದಳು. ಇನ್ನೊಬ್ಬರು ಎಂಬತ್ತರ ಆಸುಪಾಸಿನ ವೃದ್ಧರು. ಅವರ ಮನೆಯ ಗೋಡೆಯ ಮೇಲೆ ಕಾಂಗರೂವಿನ ಚಿತ್ರವೂ ‘ದೇವರು ಆಸ್ಟ್ರೇಲಿಯವನ್ನು ಕಾಪಾಡಲಿ’ ಎಂಬ ಇಂಗ್ಲಿಷ್ ಬರಹವೂ ಇದ್ದುದನ್ನು ಕಂಡು ನಿಂತೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಆ ದ್ವೀಪದಿಂದ ಸಾವಿರಾರು ಜನ ಆಸ್ಟ್ರೇಲಿಯಕ್ಕೂ ಅಮೆರಿಕಕ್ಕೂ ಕೆನಡಕ್ಕೂ ಹೋದರು; ಹಿಂದಿರುಗಿದವರು ಕಟ್ಟಿಸಿದ ಮನೆಗಳ ಮೇಲೆ ಇಂಥ ಬರಹಗಳು ಅಲ್ಲಲ್ಲಿ ಕಾಣುತ್ತವೆ. ಈ ವೃದ್ಧರು ಮೆಲ್ಬರ್ನಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ನಿಮ್ಮ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿದೆ ಎಂದು ಅವರಿಗೆ ಹೇಳಿದೆ. ಅವರು ನಕ್ಕು, “ಸಂತೋಷ. ಆದರೆ ಈ ಊರು ನಿಮ್ಮಿಂದ ಇನ್ನೂ ಏನನ್ನೂ ಕೇಳಿಲ್ಲವಲ್ಲ” ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿರಿಯರು ನಿಷ್ಕಾಮವಾದ ಪ್ರೀತಿಯನ್ನು ಹೊಗಳಿದ್ದಾರೆ. ನನ್ನ ಪ್ರೀತಿಯೂ ಅಂಥದೇ, ನಾನು ಈ ದ್ವೀಪದಿಂದ ಏನನ್ನೂ ಬಯಸುವುದಿಲ್ಲವಲ್ಲ ಎಂದು ವಾದ ಹೂಡಿ ನೋಡಿದೆ. ವಾದ ನಿಲ್ಲಲಿಲ್ಲ. ನಾನು ಏನನ್ನೂ ಬಯಸದಿರುವುದು ಬೇರೆ. ನನ್ನಿಂದ ಯಾರೂ ಏನನ್ನೂ ಬಯಸದಿರುವುದು ಬೇರೆ. ಮೊದಲನೆಯದು ಸಾಧನೆ, ಎರಡನೆಯದು ಬಿಡುವು. ನಾವು ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ಮಾತಿಗೆ ಮಾತಿಗೆ ಹೇಳುತ್ತೇವೆ. ಸ್ವಂತ ಊರೆಂದರೆ ಋಣ. ಅಲ್ಲಿ ಕಾಲಿಟ್ಟರೆ ಯಾರದೋ ಸಾವಿಗೆ ಹೋಗಿ ಬರಲಿಲ್ಲವೆಂಬ ಆಕ್ಷೇಪ, ಯಾರದೋ ಮಗನಿಗೆ ಕಾಲೇಜಿನಲ್ಲಿ ಸೀಟು ಕೊಡಿಸಬೇಕೆಂಬ ಬೇಡಿಕೆ, ಬದುವಿನ ಜಗಳ, ಸೋರುವ ಮಾಳಿಗೆ. ಪರದೇಶದ ದ್ವೀಪದಲ್ಲಿ ಇದಾವುದೂ ಇಲ್ಲ. ನಾನು ಸೌಂದರ್ಯವೆಂದು ಕರೆದದ್ದರಲ್ಲಿ ಎಷ್ಟು ಪಾಲು ಸಮುದ್ರದ್ದು, ಎಷ್ಟು ಪಾಲು ಈ ನಿರಾಳದ್ದು ಎಂದು ಪ್ರಾಮಾಣಿಕವಾಗಿ ವಿಂಗಡಿಸಿದರೆ ಸಮುದ್ರದ ಪಾಲು ಕಡಮೆಯಾಗಬಹುದೆಂದು ತೋರಿತು.

ಇಂಥ ಪ್ರೀತಿಗೆ ಇನ್ನೊಂದು ದೋಷವೂ ಇದೆ. ಅದು ತನ್ನ ಪ್ರಿಯವಸ್ತು ಬದಲಾಗಬಾರದೆಂದು ಹಟ ಹಿಡಿಯುತ್ತದೆ. ಮಾಲ್ಟಾದಿಂದ ಗೋಜೋಗೆ ಸಮುದ್ರದ ಅಡಿಯಲ್ಲಿ ಸುರಂಗ ಕೊರೆಯಬೇಕೆಂಬ ಮಾತು ಅಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಸುದ್ದಿ ಕೇಳಿದೊಡನೆ ನಾನು, ಛೆ, ಕೂಡದು ಎಂದೆ. ಹೇಳಲು ನಾನು ಯಾರು? ದಿನವೂ ಬೆಳಗಿನ ಜಾವ ಎದ್ದು ಓದಿಗೋ ಕೆಲಸಕ್ಕೋ ಹಡಗು ಹತ್ತುವ ಹುಡುಗ, ಗಾಳಿ ಜೋರಾದ ದಿನ ಬಂದರಿನಲ್ಲಿ ಕಾಯುವ ರೋಗಿ—ಇವರು ಬೇಕೆಂದೋ ಬೇಡವೆಂದೋ ಹೇಳಬಲ್ಲರು. ಮೂರು ದಿನದ ಪ್ರೇಮಿ ಕೇಳುವುದು ತನ್ನ ನೆನಪು ಕೆಡದಿರಲಿ ಎಂದು ಮಾತ್ರ.

ಮೂರನೆಯ ದಿನ ರಮ್ಲಾ ಎಂಬ ಕೆಂಪು ಮರಳಿನ ದಂಡೆಗೆ ಹೋದೆ. ಅದರ ಮೇಲಿನ ಗುಡ್ಡದಲ್ಲಿ ಕಾಲಿಪ್ಸೋ ಎಂಬ ಅಪ್ಸರೆಯ ಗುಹೆಯೆಂದು ಒಂದು ಜಾಗವನ್ನು ತೋರಿಸುತ್ತಾರೆ. ಹೋಮರನ ಒಡಿಸ್ಸಿಯಲ್ಲಿ ಬರುವ ದ್ವೀಪ ಇದೇ ಎಂಬುದು ಅಲ್ಲಿಯವರ ನಂಬಿಕೆ. ಆ ಕಥೆಯಲ್ಲಿ, ನಾವೆ ಒಡೆದು ದಡ ಸೇರಿದ ಒಡಿಸ್ಯೂಸ್ ಏಳು ವರ್ಷ ಕಾಲಿಪ್ಸೋಳ ದ್ವೀಪದಲ್ಲಿರುತ್ತಾನೆ. ತನ್ನ ಬಳಿ ನಿಂತರೆ ಮುಪ್ಪೂ ಇಲ್ಲ ಸಾವೂ ಇಲ್ಲ ಎಂದು ಅವಳು ಆಸೆ ತೋರಿಸುತ್ತಾಳೆ. ತನ್ನ ಹೆಂಡತಿ ರೂಪದಲ್ಲಿ ಅವಳಿಗೆ ಸಮಳಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಆದರೂ ಕಲ್ಲುನೆಲದ ಇಥಾಕಕ್ಕೇ ಹೋಗಬೇಕೆನ್ನುತ್ತಾನೆ. ಕಾಲೇಜಿನಲ್ಲಿ ಓದಿದಾಗ ನನಗೆ ಇದು ಪತಿಧರ್ಮದ ಕಥೆಯಾಗಿ ಕಂಡಿತ್ತು. ಆ ಗುಡ್ಡದ ಮೇಲೆ ನಿಂತಾಗ ಬೇರೆ ಅರ್ಥ ಹೊಳೆಯಿತು. ಅಪ್ಸರೆಯ ದ್ವೀಪದಲ್ಲಿ ಒಡಿಸ್ಯೂಸನಿಂದ ಆಗಬೇಕಾದ ಕೆಲಸವೇ ಇರಲಿಲ್ಲ. ಇಥಾಕದಲ್ಲಿ ಮುದಿ ತಂದೆ, ಬೆಳೆದ ಮಗ, ಹಾಳಾಗುತ್ತಿದ್ದ ಮನೆ ಇದ್ದವು.

ಹಾಳಾಗುತ್ತಿದ್ದ ಮನೆ! ಕೈಚೀಲದ ಕಾಗದ ಆಗ ನೆನಪಾಯಿತು. ಗೋಜೋ ದ್ವೀಪದ ಹಳೆಯ ಮನೆಗಳ ಗೋಡೆಗಳನ್ನು ನಾನು ಮೂರು ದಿನವೂ ಕೈಯಿಂದ ಸವರಿ ನೋಡಿದ್ದೆ. ನಮ್ಮ ಮನೆಯ ಗೋಡೆಯನ್ನು ಮುಟ್ಟಿ ಎಷ್ಟು ವರ್ಷವಾಗಿತ್ತು? ಹೊಲದ ಬದುಗಳಲ್ಲಿ ಬೆಳೆದಿದ್ದ ಪಾಪಾಸುಕಳ್ಳಿಯ ಚಿತ್ರಗಳನ್ನು ಹತ್ತಾರು ತೆಗೆದುಕೊಂಡಿದ್ದೆ. ನಮ್ಮೂರಿನ ಬೇಲಿಯಲ್ಲಿ ಅದೇ ಕಳ್ಳಿ ಇದೆ, ಅದನ್ನು ನಾನು ಬೈದದ್ದೇ ಹೊರತು ನೋಡಿದ್ದಿಲ್ಲ. ಜಿಗಂತಿಯಾ ಎಂಬಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಸಾವಿರ ವರ್ಷ ಹಳೆಯದಾದ ಕಲ್ಲಿನ ಗುಡಿಗಳನ್ನು, ಅವನ್ನು ರಾಕ್ಷಸಿಯೊಬ್ಬಳು ಹೊತ್ತು ತಂದು ಕಟ್ಟಿದಳೆಂಬ ಕಥೆಯನ್ನು ಕೇಳಿ ಮೈಮರೆತಿದ್ದೆ. ೧೯೪೭ರಲ್ಲಿ ವೀಲರ್ ಸಾಹೇಬರು ಅಗೆದು ಬೃಹತ್ ಶಿಲೆಗಳ ಗೋರಿಗಳನ್ನು ಶೋಧಿಸಿದ ಬ್ರಹ್ಮಗಿರಿ ನಮ್ಮ ಜಿಲ್ಲೆಯಲ್ಲೇ ಇದೆ. ಅಶೋಕನ ಶಾಸನವೂ ಅಲ್ಲಿದೆ. ಬೆಳಿಗ್ಗೆ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಸೇರಬಹುದು. ನಾನು ಇನ್ನೂ ಹೋಗಿಲ್ಲ. ವೇಮುಲವಾಡದ ಆಸ್ಥಾನದಲ್ಲಿದ್ದ ಪಂಪ ಬನವಾಸಿಯನ್ನು ನೆನೆದು ಬರೆದ ಪದ್ಯಗಳನ್ನು ಮಾತ್ರ ಇಪ್ಪತ್ತು ವರ್ಷಗಳಿಂದ ಗದ್ಗದನಾಗಿ ಪಾಠ ಹೇಳುತ್ತಿದ್ದೇನೆ.

ಹಾಗಾದರೆ ದ್ವೀಪದ ಮೇಲಿನ ಪ್ರೀತಿ ಬರೀ ಭ್ರಮೆಯೆ? ಹಾಗೆಂದು ನಾನು ಹೇಳಲಾರೆ. ಋಣವೊಂದೇ ಇದ್ದು ಪ್ರೀತಿ ಇಲ್ಲದಿದ್ದರೆ ಊರು ಹೊರೆಯಾಗುತ್ತದೆ. ಹೊರೆ ಹೊತ್ತವನು ಸಿಡುಕುತ್ತಲೇ ಬದುಕುತ್ತಾನೆ. ನಾನು ನಮ್ಮೂರನ್ನು ನೋಡುತ್ತಿದ್ದುದು ಹೀಗೆ, ತೀರಿಸಬೇಕಾದ ಸಾಲದ ಪಟ್ಟಿಯಂತೆ. ಕಲ್ಲು, ಕಳ್ಳಿ, ಒಣನೆಲ, ಬಾಗಿಲಲ್ಲಿ ಕುಳಿತ ಮುದುಕಿ—ಇವನ್ನು ಕಣ್ತುಂಬ ನೋಡಬಹುದು ಎಂದು ನನಗೆ ಕಲಿಸಿದ್ದು ಆ ದ್ವೀಪ. ಆ ಉಪಕಾರವನ್ನು ಮರೆಯಲಾಗದು. ಗೋಜೋದವರ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿಯಿದೆ. ೧೫೫೧ರ ಜುಲೈಯಲ್ಲಿ ತುರ್ಕಿಯ ನೌಕಾಪಡೆ ಕೋಟೆಯನ್ನು ಮುರಿದು, ಐದಾರು ಸಾವಿರ ಜನರನ್ನು, ಎಂದರೆ ಹೆಚ್ಚುಕಡಮೆ ಇಡೀ ದ್ವೀಪವನ್ನೇ, ಗುಲಾಮರನ್ನಾಗಿ ಸಾಗಿಸಿತು. ಹಣ ತೆತ್ತು ಬಿಡುಗಡೆ ಪಡೆದ ಕೆಲವರು ವರ್ಷಗಳ ಮೇಲೆ ಮರಳಿ ಬಂದರು. ಅವರು ಬಂದದ್ದು ಸೂರ್ಯಾಸ್ತ ನೋಡುವುದಕ್ಕಲ್ಲ. ಬಿದ್ದ ಗೋಡೆಗಳನ್ನು ಎತ್ತಬೇಕಾಗಿತ್ತು. ಆದರೆ ಸಂಜೆ ಕೆಲಸ ಮುಗಿದ ಮೇಲೆ ಅವರೂ ಸೂರ್ಯಾಸ್ತವನ್ನು ನೋಡಿಯೇ ಇರಬೇಕು.

ತಮ್ಮನಿಗೆ ಕಾಗದವನ್ನು ಸಹಿ ಇಲ್ಲದೆ ಹಿಂದಕ್ಕೆ ಕೊಟ್ಟೆ. ಅವನಿಗೆ ಬೇಸರವಾಯಿತು. ಅಕ್ಕನಿಗೆ ವಯಸ್ಸಾಗುತ್ತಿದೆ, ಹಳ್ಳಿಯಲ್ಲಿ ಒಳ್ಳೆಯ ಆಸ್ಪತ್ರೆ ಇಲ್ಲ, ನೀನು ಹೋಗಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದ. ಅವನ ಮಾತಿನಲ್ಲಿ ನ್ಯಾಯವಿದೆ. ಕೊನೆಗೆ ಮನೆಯನ್ನು ಮಾರಬೇಕಾಗಿಯೇ ಬರಬಹುದು. ಆದರೆ ನೋಡದೆ, ಮುಟ್ಟದೆ, ಪರದೇಶದ ಹೋಟೆಲಿನ ಮೇಜಿನ ಮೇಲೆ ಸಹಿ ಹಾಕುವುದು ಬೇಡವೆನ್ನಿಸಿತು.

ರಜೆ ಮುಗಿಯುವ ಮುನ್ನ ಊರಿಗೆ ಹೋಗಿ ಆರು ದಿನ ಇದ್ದೆ. ಪ್ರೀತಿ ಉಕ್ಕಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನವೇ ಪಕ್ಕದ ಹೊಲದವರು ಬದುವಿನ ವಿಷಯ ತೆಗೆದರು. ಇಬ್ಬರು ಸಾಲ ಕೇಳಿದರು. ಮಳೆಗೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕಿಸಬೇಕಾಗಿತ್ತು. ಆಳುಗಳೊಡನೆ ನಾನೂ ಮೇಲೆ ಹತ್ತಿ ಬುಟ್ಟಿ ತೆಗೆದುಕೊಂಡೆ. ಸಂಜೆ ಅಕ್ಕನ ಜೊತೆ ಜಗಲಿಯ ಮೇಲೆ ಕೂತೆ. ಬೇಲಿಯ ಕಳ್ಳಿ ಹೂ ಬಿಟ್ಟಿತ್ತು, ಗೋಜೋದಲ್ಲಿ ಕಂಡಂತೆಯೇ ಹಳದಿಯ ಹೂ. ಅಕ್ಕ, “ಅಪ್ಪ ಹೋದಾಗ ಬಿಟ್ಟರೆ ನೀನು ಇಷ್ಟು ದಿನ ಇಲ್ಲಿ ಇದ್ದದ್ದೇ ಇಲ್ಲ” ಎಂದಳು. ಅವಳು ದೂರಿ ಹೇಳಿದ ಮಾತಲ್ಲ. ಲೆಕ್ಕ ಹೇಳಿದಳು, ಅಷ್ಟೆ.

ಗೋಜೋಗೆ ಮತ್ತೊಮ್ಮೆ ಹೋಗಬೇಕೆಂಬ ಆಸೆ ಈಗಲೂ ಇದೆ. ಹೋದರೆ ಆ ವೃದ್ಧರನ್ನು ಕಂಡು, ತಾವು ಹೇಳಿದ್ದು ಸರಿ ಎಂದು ಹೇಳಬೇಕು. ಸದ್ಯಕ್ಕೆ ಸಾಧ್ಯವಿಲ್ಲ. ಮೊದಲ ಮಳೆಗೆ ಅಡಿಗೆಮನೆಯ ಮೂಲೆಯಲ್ಲಿ ಮಾಳಿಗೆ ಸೋರಿತೆಂದು ಅಕ್ಕ ಫೋನು ಮಾಡಿದ್ದಾಳೆ. ಈ ಶನಿವಾರ ಊರಿಗೆ ಹೋಗಬೇಕು.